ಚಪ್ಪಾಳೆ ಬಿದ್ದ ಬಾಬ್ತು

ಜನವರಿ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಹತ್ತೂವರೆ. ಪಂಚಾಯಿತಿ ಕಚೇರಿಯಲ್ಲಿ ಹಾಜರಿದ್ದವರು ಕಾರ್ಯದರ್ಶಿ, ಅಂಗನವಾಡಿಯ ಅಕ್ಕೋರು ಮತ್ತು ನಾನು. ಮಧ್ಯಾಹ್ನ ಮೂರಕ್ಕೆ ಗ್ರಾಮಸಭೆ ಇತ್ತು.

ನಾನಿರುವುದು ರಾಮದುರ್ಗದಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಬಾಡಿಗೆ ಕೋಣೆಯಲ್ಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ ಎಂದು ಸುತ್ತಿ, ಲೆಕ್ಕಪತ್ರಗಳ ತಪಾಸಣೆ ಮಾಡಿ ನಿವೃತ್ತನಾದೆ. ಬೋರ್ಡಿಂಗ್ ಶಾಲೆಯಲ್ಲಿ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವನು. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ತೊರಗಲ್ ಕಡೆಯ ಬಸ್ಸು ಹತ್ತಿ ಈ ಊರಿನಲ್ಲಿ ಇಳಿಯುತ್ತೇನೆ. ಪಂಚಾಯಿತಿಯ ವಾರ್ಷಿಕ ವರದಿಯನ್ನು ಓದಿ, ಊರವರಿಗೆ ತಿಳಿಯುವ ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ, ಸಭೆಗೆ ಮುಂಚೆ ಕೊಡುತ್ತೇನೆ. ಯಾರೂ ನೇಮಿಸಿದ್ದಲ್ಲ. ಇದು ನನ್ನ ಹೆಂಡತಿಯ ತವರು. ಅವಳ ಒತ್ತಾಯಕ್ಕೆ ಶುರುವಾದ ಕೆಲಸ. ಹೋದ ವರ್ಷ ಬರಲಾಗಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಳು, ಅಲ್ಲಿಂದ ಮನೆಗೆ ಬರಲಿಲ್ಲ.

ಕಾರ್ಯದರ್ಶಿ ಹೊಸಬ, ವರ್ಗವಾಗಿ ಬಂದು ಕೆಲವೇ ತಿಂಗಳಾಗಿತ್ತು. ನನ್ನ ವಿಷಯ ಅಕ್ಕೋರು ಅವನಿಗೆ ಹೇಳಿದ್ದರು.

“ಬರ್ರಿ ಸಾಹೇಬ್ರ, ಕುಂದರ್ರಿ. ಪೆನ್ಶನ್ ಬಂದ್ರೂ ಆಡಿಟ್ ಬಿಡವಲ್ರಿ ನೀವು.”

“ಆಡಿಟ್ ಅಲ್ಲೋ ತಮ್ಮಾ, ನೀ ಬರದಿದ್ದು ಮಂದಿಗೆ ತಿಳಿಯೂಹಂಗ ಮಾಡಾಕ ಬಂದೇನಿ.”

“ತಿಳಿಯೂಹಂಗ ಬರದ್ರ ಮ್ಯಾಲಿನ ಆಫೀಸಿನ್ಯಾಗ ತಗೋಳೂದಿಲ್ರಿ” ಎಂದು ನಕ್ಕು ವರದಿಯನ್ನು ಕೈಗಿಟ್ಟ.

ಎರಡನೆಯ ಪುಟದಲ್ಲಿ ಒಂದು ಸಾಲಿತ್ತು: ಅಂಗನವಾಡಿ ಕಟ್ಟಡ, ಹಿಂದಿನ ಸಾಲಿನ ಅನುದಾನ ವ್ಯಪಗತ, ಮರುಬೇಡಿಕೆ ಸ್ವೀಕೃತವಾಗಿರುವುದಿಲ್ಲ.

“ಹೋದ ವರ್ಷ ಇದನ್ನ ಸಭಾದಾಗ ಓದಿದ್ರೇನು?” ಎಂದು ಅಕ್ಕೋರನ್ನು ಕೇಳಿದೆ.

“ಓದಿದ್ರಲ್ರಿ! ಎಲ್ಲಾರೂ ಚಪ್ಪಾಳಿ ಬಡದ್ವಿ. ಕಟ್ಟಡ ಬಂತಂತ ಲಾರಿ ಡ್ರೈವರ್ ಮಾಮಾ ಪೇಢೆ ಹಂಚಿದ.”

ಈ ಊರಿನ ರೂಢಿಯೇ ಹಾಗೆ. ಒಂದೊಂದು ಬಾಬ್ತು ಓದಿ ಕಾರ್ಯದರ್ಶಿ ತಲೆ ಎತ್ತಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಸಭೆ ಬೇಗ ಮುಗಿಯುತ್ತದೆ, ಯಾರಿಗೂ ನೋವಾಗುವುದಿಲ್ಲ. ಅಂಗನವಾಡಿಯ ಹಣ ವಾಪಸ್ ಹೋದ ಸುದ್ದಿಗೂ ಹಾಗೆಯೇ ಚಪ್ಪಾಳೆ ಬಿದ್ದಿತ್ತು, ಪೇಢೆಯೂ ಹಂಚಿಹೋಗಿತ್ತು.

ಪೇಢೆ ಹಂಚಿದ ಲಾರಿ ಚಾಲಕರದು ದೊಡ್ಡ ಮನಸ್ಸು. ಅಂಗನವಾಡಿ ನಡೆಯುವುದು ಅವರ ಮನೆಯ ಪಡಸಾಲೆಯಲ್ಲಿ, ಬಾಡಿಗೆಯಿಲ್ಲದೆ. ಬೇಸಿಗೆಯಲ್ಲಿ ಅವರ ಮಗನ ಮದುವೆ, ಆಮೇಲೆ ಪಡಸಾಲೆ ಅವರಿಗೇ ಬೇಕು. ಕಟ್ಟಡದ ಖಾತ್ರಿ ಇದ್ದರೆ ಮಾತ್ರ ಇನ್ನೊಂದು ವರ್ಷ ಹೇಗೋ ಸುಧಾರಿಸುತ್ತೇನೆ ಎಂದಿದ್ದರು. ಇಲ್ಲವಾದರೆ ಇಲಾಖೆಯವರು ಮಕ್ಕಳನ್ನು ಹಳ್ಳದ ಆಚೆಯ ಕೇಂದ್ರಕ್ಕೆ ಸೇರಿಸುತ್ತಾರೆ. ಮೂರು ವರ್ಷದ ಕೂಸು ಹಳ್ಳ ದಾಟಿ ಹೋಗುವುದಿಲ್ಲ, ಮನೆಯಲ್ಲೇ ಉಳಿಯುತ್ತದೆ. ಆ ದಿನದ ಸಭೆಯಲ್ಲಿ ಊರು ಮತ್ತೆ ಕೇಳದಿದ್ದರೆ ಮುಂದಿನ ವರ್ಷದ ಪಟ್ಟಿಯಲ್ಲೂ ಕಟ್ಟಡ ಬರುವಂತಿರಲಿಲ್ಲ.

ಹಣ ಯಾಕೆ ಉಳಿಯಿತೆಂದು ಕಾರ್ಯದರ್ಶಿಯನ್ನು ಕೇಳಿಕೊಂಡು ಹಾಳೆ ಬರೆದು ಮುಗಿಸಿದೆ. ಆ ಬಾಬ್ತಿಗೆ ಹೀಗೆ ಬರೆದಿದ್ದೆ: ‘ಜಾಗ ಸಿಗದ ಕಾರಣ ಅಂಗನವಾಡಿಯ ಹಣ ಖರ್ಚಾಗದೆ ಉಳಿಯಿತು. ಈಗ ಜಾಗ ಸಿಕ್ಕಿದೆ.’ ಅಕ್ಕೋರಿಗೆ ಓದಿ ಹೇಳಿದೆ.

“ತಿಳೀತ್ರಿ” ಎಂದರು.

ಮುಂದಿನದು ಓದಿದೆ. ಅದೂ ತಿಳಿಯಿತು. ಎಲ್ಲವೂ ತಿಳಿಯಿತು.

ನನ್ನ ಹೆಂಡತಿಗೆ ಏನೂ ಇಷ್ಟು ಸುಲಭವಾಗಿ ತಿಳಿಯುತ್ತಿರಲಿಲ್ಲ. ಜೋಳ ಹಸನು ಮಾಡುತ್ತ ಕೂತವಳ ಮುಂದೆ ನಾನು ಒಂದೊಂದೇ ಸಾಲು ಓದಬೇಕು, ಮೊರದಿಂದ ಕಣ್ಣೆತ್ತದೆ “ಅಂದ್ರ?” ಎನ್ನುತ್ತಿದ್ದಳು. ಆ ಸಾಲನ್ನು ಹೊಡೆದುಹಾಕಿ ಬೇರೆ ಬರೆಯುತ್ತಿದ್ದೆ. ಮತ್ತೆ “ಅಂದ್ರ?” ಸಿಟ್ಟು ಬರುತ್ತಿತ್ತು. ಈಗ ಎಲ್ಲರೂ ನನ್ನನ್ನು ಸಾಹೇಬ್ರು ಎನ್ನುತ್ತಾರೆ, ಕುರ್ಚಿ ಕೊಡುತ್ತಾರೆ, ತಲೆಯಾಡಿಸುತ್ತಾರೆ. ಕೋಣೆಯಲ್ಲಿ ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದೇನೆ.

ಅಕ್ಕೋರು ಏಳಲು ಹೊರಟರು. ತಡೆದೆ.

“ಓಣಿಯ ತಾಯಂದಿರಿಗೆ ಇದನ್ನ ಹೆಂಗ ಹೇಳತೀರಿ? ನನಗ ಹೇಳ್ರಿ, ಕೇಳೂಣು.”

“ನಿಮಗ ನಾ ಏನ್ ಹೇಳ್ಲಿರಿ?” ಎಂದು ನಾಚಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ಮಕ್ಕಳಿಗೆ ಹೇಳುವ ರಾಗದಲ್ಲಿ ಹೇಳಿದರು: “ನಮ್ಮ ರೊಕ್ಕ ಖರ್ಚಾಗಿಲ್ಲ, ಉಳದೇತಿ. ಜಾಗಾನೂ ಸಿಕ್ಕೇತಿ. ಇನ್ನೇನ್ ಕಟ್ಟತಾರ, ಯಾರೂ ಗಾಬರಿ ಆಗಬ್ಯಾಡ್ರಿ.”

ನಾನು ಪೆನ್ನು ಕೆಳಗಿಟ್ಟೆ. ಮನೆಯಲ್ಲಿ ಖರ್ಚಾಗದ ಹಣ ಡಬ್ಬಿಯಲ್ಲೇ ಇರುತ್ತದೆ. ಸರ್ಕಾರದಲ್ಲಿ ಖರ್ಚಾಗದ ಹಣ ಮಾರ್ಚ್ ದಾಟಿದರೆ ಹಿಂದಕ್ಕೆ ಹೋಗುತ್ತದೆ. ಇಬ್ಬರೂ ಒಂದೇ ಸಾಲನ್ನು ಓದಿ, ಒಬ್ಬರು ಡಬ್ಬಿಯನ್ನು, ಇನ್ನೊಬ್ಬರು ಖಜಾನೆಯನ್ನು ನೆನೆದಿದ್ದೆವು.

ಆ ಸಾಲು ಹೊಡೆದುಹಾಕಿ ಬರೆದೆ: ‘ಅಂಗನವಾಡಿ ಹಣ ವಾಪಸ್ ಹೋಗಿದೆ. ಈಗ ನಮ್ಮ ಹತ್ತಿರ ಇಲ್ಲ. ಕಟ್ಟಡ ಬೇಕಾದರೆ ಇವತ್ತೇ ಸಭೆಯಲ್ಲಿ ಮತ್ತೆ ಕೇಳಬೇಕು.’

ಅಕ್ಕೋರು ಓದಿದರು. ಮುಖದ ನಗು ಹೋಯಿತು.

“ಹಂಗಾರ ಹೋದ ವರ್ಷ ನಾವು ಬಡದಿದ್ದು ಯಾವ ಚಪ್ಪಾಳಿರಿ?”

ಅಕ್ಕೋರು ಹಾಳೆ ತೆಗೆದುಕೊಂಡು ಓಣಿಗೆ ಹೋದರು.

ಮೂರರ ಸಭೆ ನಾಲ್ಕಕ್ಕೆ ಶುರುವಾಯಿತು. ಕಾರ್ಯದರ್ಶಿ ರಸ್ತೆಯ ಬಾಬ್ತು ಓದಿದ, ಚಪ್ಪಾಳೆ. ಬೀದಿದೀಪ ಓದಿದ, ಚಪ್ಪಾಳೆ. ಅಂಗನವಾಡಿ ಎಂದು ಓದಿ ತಲೆ ಎತ್ತಿದ. ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಗುವಷ್ಟರಲ್ಲಿ ಅಕ್ಕೋರು ಎದ್ದು ನಿಂತರು.

“ನಿಂದರಸ್ರಿ! ರೊಕ್ಕ ವಾಪಸ್ ಹೋಗೇತಿ, ಅದಕ್ಕ ಚಪ್ಪಾಳಿ ಬಡ್ಯಾಕ ಹತ್ತೀರಿ?”

“ಹೋದ ವರ್ಷ ನೀವೂ ಬಡದ್ರಲ್ರಿ ಅಕ್ಕೋರ!” ಗಂಡಸರ ಕಡೆಯಿಂದ ಒಬ್ಬ ಕೂಗಿದ.

“ಬಡದೇನಿ, ಪೇಢೆನೂ ತಿಂದೇನಿ. ಈಗ ತಿಳದೇತಿ, ಅದಕ್ಕ ನಿಂತೇನಿ. ಕಟ್ಟಡ ಬೇಕಂತ ಮೊದಲ ಪಟ್ಟಿಯೊಳಗ ಬರೀರಿ.”

“ನನ್ನ ಪೇಢೆ ಯಾರ್ ವಾಪಸ್ ಕೊಡತೀರಪಾ?” ಎಂದರು ಚಾಲಕರು. ಸಭೆಯೆಲ್ಲ ನಕ್ಕಿತು. ನಗು ತಗ್ಗಿದ ಮೇಲೆ ಅವರೇ ಕೈ ಎತ್ತಿದರು. “ಠರಾವು ಬರೀರಿ. ಮಗನ ಸಂಸಾರ ಮ್ಯಾಲಿನ ಖೋಲಿಗೆ ಹಾಕತೇನಿ, ಇನ್ನೊಂದ ವರ್ಷ. ಅದರ ಮುಂದ ನನ್ನ ಕಡಿಂದ ಆಗೂದಿಲ್ಲ, ಈಗ ಹೇಳೇನಿ.”

ಹೆಂಗಸರ ಕೈಗಳು ಎದ್ದವು, ನಂತರ ಉಳಿದವರದು. ಕಾರ್ಯದರ್ಶಿ ಕಟ್ಟಡವನ್ನು ಪಟ್ಟಿಗೆ ಸೇರಿಸಿದ. ಹಣ ಬರುವುದು ಬಿಡುವುದು ಮೇಲಿನವರ ಕೈಯಲ್ಲಿದೆ. ಕೇಳಿಲ್ಲ ಎಂದು ಇನ್ನು ಯಾರೂ ಬರೆಯುವಂತಿಲ್ಲ.

ಸಭೆ ಚದುರಿತು. ಅಕ್ಕೋರು ತಾಯಂದಿರ ನಡುವೆ ಮಾತಾಡುತ್ತ, ಯಾವುದೋ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಓಣಿಯತ್ತ ನಡೆದರು. ಹಿಂದಿರುಗಿ ನೋಡಲಿಲ್ಲ, ನೋಡಬೇಕಾದ ಕಾರಣವೂ ಇರಲಿಲ್ಲ. ಸಭೆಯಲ್ಲಿ ಕೊಟ್ಟಿದ್ದ ನನ್ನ ಚಹಾ ಪಕ್ಕದ ಕುರ್ಚಿಯ ಮೇಲೆ ಆರಿತ್ತು.

“ಠರಾವನ್ನ ನಿಮ್ಮ ಕನ್ನಡದಾಗ ಬರದು ಹೊರಗ ಹಚ್ಚಿಬಿಡ್ರಿ ಸಾಹೇಬ್ರ” ಎಂದು ಕಾರ್ಯದರ್ಶಿ ಗೋಂದಿನ ಬಾಟಲಿ ಕೊಟ್ಟು, ಬಾಗಿಲಿಗೆ ಬೀಗ ಹಾಕಿ, ಬೈಕು ಹತ್ತಿದ.

ಕಟ್ಟೆಯ ಮೇಲೆ ಕೂತು ದಪ್ಪ ಅಕ್ಷರದಲ್ಲಿ ಬರೆದೆ: ‘ಅಂಗನವಾಡಿ ಕಟ್ಟಡ ಬೇಕು ಎಂದು ಊರು ಇವತ್ತು ಕೇಳಿದೆ. ಹಣ ಇನ್ನೂ ಬಂದಿಲ್ಲ. ಬಂದರೂ ಬರದಿದ್ದರೂ ಇಲ್ಲಿಯೇ ಬರೆದು ತಿಳಿಸಲಾಗುವುದು.’ ಫಲಕದ ಮೇಲೆ ಹಾಳೆಯನ್ನು ನೇರವಾಗಿ ಅಂಟಿಸಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಗಾಳಿಗೆ ಕೆಳಗಿನ ಒಂದು ಮೂಲೆ ಏಳುತ್ತಿತ್ತು. ಅದು ಹಿಡಿಯುವವರೆಗೆ ಅಂಗೈ ಒತ್ತಿ ನಿಂತೆ. ಹಿಡಿಯಿತು.