ಗಾಜಿನೊಳಗಿನ ಪಾತಾಳಗರಡಿ

ಆಗೆಲ್ಲ ಯಾದಗಿರಿಯ ನಮ್ಮ ಓಣಿಯಲ್ಲಿ ಯಾರ ಕೊಡ ಬಾವಿಗೆ ಬಿದ್ದರೂ ಮೊದಲು ಬಡಿಯುತ್ತಿದ್ದದ್ದು ನಮ್ಮ ಮನೆಯ ಬಾಗಿಲು. ಪಾತಾಳಗರಡಿ ಇದ್ದದ್ದು ನಮ್ಮಲ್ಲೇ. ಕಬ್ಬಿಣದ ಬಳೆ, ಸುತ್ತ ಕೊಕ್ಕೆಗಳು; ಹಗ್ಗ ಕಟ್ಟಿ ಇಳಿಬಿಟ್ಟು ತಡಕಾಡಿದರೆ ತಳ ಸೇರಿದ ಕೊಡ ಸಿಕ್ಕಿಕೊಂಡು ಮೇಲೆ ಬರುವುದು. ಒಯ್ಯುವವರು ಒಂದು ತಂಬಿಗೆ ಒತ್ತೆ ಇಟ್ಟೇ ಒಯ್ಯಬೇಕು. ಇಲ್ಲದಿದ್ದರೆ ಆಯಿ, ಅಂದರೆ ನಮ್ಮಪ್ಪನ ತಾಯಿ, ಅದನ್ನು ಮೊಳೆಯಿಂದ ಇಳಿಸುತ್ತಲೇ ಇರಲಿಲ್ಲ.

ಆ ಬ್ಯಾಸಗಿಯಲ್ಲಿ ಬಾವಿಗೆ ಬಿದ್ದದ್ದು ನಮ್ಮದೇ ಕೊಡ. ಬಿದ್ದದ್ದೇನು, ಅವ್ವ ಬಿಟ್ಟದ್ದು. ಹಿಂದಿನ ದಿನ ನೆಂಟರ ಮುಂದೆ ಅಪ್ಪ ಅವಳ ತವರಿನ ಬಡತನ ಎತ್ತಿ ಆಡಿ ನಕ್ಕಿದ್ದ. ಬೆಳಿಗ್ಗೆ ನೀರಿಗೆ ಹೋದವಳು ಹಗ್ಗದ ಸಮೇತ ಕೊಡ ಕೈಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ತನ್ನ ತವರೂರು ಸುರಪುರದ ಬಸ್ಸು ಹತ್ತಿಬಿಟ್ಟಳು.

ಸಾಲಿಗೆ ರಜೆ. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬಸ್ಸಿನ ಹಾರ್ನ್ ಕೇಳಿದರೆ ರಸ್ತೆಗೆ ಓಡುವುದು, ಮುಖ ಸಣ್ಣ ಮಾಡಿಕೊಂಡು ವಾಪಸು ಬರುವುದು. ಆಯಿ ಮಾಡಿದ ಪುಂಡಿಪಲ್ಯ ಗಂಟಲಲ್ಲಿ ಇಳಿಯದು. ಅವ್ವ ಕೊಡುತ್ತಿದ್ದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯೇ ಅದಕ್ಕಿಲ್ಲ. ಅಪ್ಪ ಹೊಲಿಗೆ ಮಷೀನಿನ ಮುಂದೆ ತಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ಹೋಗಿ ಕರಕೊಂಡು ಬಾ ಎಂದು ಆಯಿ ಅಂದರೆ, ತಾನಾಗಿ ಹೋದವಳು ತಾನಾಗಿ ಬರಲಿ ಅನ್ನುವನು. ಆ ಮಷೀನಿನ ಸಪ್ಪಳ ಕೇಳಿದರೇ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಮಧ್ಯಾಹ್ನದ ಉರಿಯಲ್ಲಿ ಚರ್ಚಿಗೆ ಓಡುತ್ತಿದ್ದೆ. ಒಳಗೆ ತಂಪು, ಮೇಣದ ವಾಸನೆ, ಬಾವಲಿಗಳ ವಾಸನೆ. ಪಡುವಣ ಗೋಡೆಯಲ್ಲಿ ಬಣ್ಣದ ಗಾಜಿನ ಕಿಟಕಿಗಳು. ಒಂದರಲ್ಲಿ ಕುರಿಮರಿ, ಒಂದರಲ್ಲಿ ಪಾರಿವಾಳ, ಇನ್ನೊಂದರಲ್ಲಿ ಹಗ್ಗ ಸುತ್ತಿದ ನೀಲಿ ಕೊಕ್ಕೆ. ಹೊತ್ತು ಇಳಿದಂತೆ ಬಣ್ಣಗಳು ನೆಲದ ಮೇಲೆ ಹರಿದು ಬರುತ್ತಿದ್ದವು. ಕೆಂಪು ತುಳಿದರೆ ಸೋತೆ, ಹಳದಿ ತುಳಿದರೆ ಗೆದ್ದೆ, ಹೀಗೆ ಒಂಟಿಗಾಲಲ್ಲಿ ಕುಂಟುತ್ತ ಒಬ್ಬಳೇ ಆಡುತ್ತಿದ್ದೆ. ನೀಲಿ ಕೊಕ್ಕೆ ಮಾತ್ರ ಸರಿಯುತ್ತ ಸರಿಯುತ್ತ ಬಂದು, ಭಾನುವಾರ ಅವ್ವ ಕೂರುತ್ತಿದ್ದ ಜಾಗದಲ್ಲೇ ಬೀಳುತ್ತಿತ್ತು.

ಅದು ಪಾತಾಳಗರಡಿ ಎನ್ನುವುದರಲ್ಲಿ ನಮ್ಮ ಓಣಿಯ ಯಾರಿಗೂ ಅನುಮಾನವಿರಲಿಲ್ಲ. ಕೊಕ್ಕೆ ಎರಡೇ ಇದ್ದವು, ಅಷ್ಟೇ. ತಳಕ್ಕೆ ಹೋದವರನ್ನು ದೇವರು ಎತ್ತುತ್ತಾನೆ ಅಂತ ಅದರ ಅರ್ಥ ಎಂದು ಆಯಿ ಹೇಳಿಕೊಟ್ಟಿದ್ದಳು. ಹಾಗಾದರೆ ಅವ್ವನನ್ನೂ ಎಳೆದು ತಂದೇ ತರುತ್ತಾನೆ ಎಂದು ನಾನು ದಿನಾ ಕಾದೆ.

ಒಂದು ಭಾನುವಾರ, ಹೊಸದಾಗಿ ಬಂದಿದ್ದ ಪಾಸ್ಟರ್ ಅಯ್ಯನವರು ಕಿಟಕಿಗಳ ಅರ್ಥ ಬಿಡಿಸಿ ಹೇಳಿದರು. ಅದು ಗರಡಿಯಲ್ಲವಂತೆ, ಲಂಗರು. ಕಡಲಿನಲ್ಲಿ ಹಡಗು ಕೊಚ್ಚಿ ಹೋಗದಂತೆ ಹಿಡಿದು ನಿಲ್ಲಿಸುವುದಂತೆ, ಭರವಸೆಯ ಗುರುತಂತೆ. ಎಂಥ ಬಿರುಗಾಳಿ ಬೀಸಿದರೂ ನಾವು ಅಲುಗಬಾರದು ಎಂದರು. ಗಂಡಸರ ಸಾಲಿನಲ್ಲಿ ಅಪ್ಪ ಆವತ್ತು ತಲೆ ಎತ್ತಿದ.

ಊಟಕ್ಕೆ ಕೂತಾಗ ಆಯಿ ಮತ್ತೆ ಸುರಪುರದ ಮಾತು ತೆಗೆದಳು. ಅಪ್ಪ ರೊಟ್ಟಿ ಮುರಿಯುತ್ತ ಅಂದ, “ಅಯ್ಯನೋರು ಹೇಳಿದ್ದು ಕೇಳಿದಿಲ್ಲ? ಅಲುಗಬಾರದಂತ. ನಾ ಅಲುಗಂಗಿಲ್ಲ.”

ಆಯಿ ಎದ್ದು ಹೋಗಿ ಮೊಳೆಯಿಂದ ಗರಡಿ ಇಳಿಸಿ, ಅವನ ಗಂಗಾಳದ ಪಕ್ಕ ಟಣ್ಣೆಂದು ಇಟ್ಟಳು.

“ಹಡಗ ನೀನೂ ನೋಡಿಲ್ಲ, ನಾನೂ ನೋಡಿಲ್ಲ. ಬಾವಿ ನೋಡೀವಿ. ಬಿದ್ದ ಕೊಡ ತಾನಾಗೇ ಮ್ಯಾಲ ಬಂದದ್ದು ಎಲ್ಲೆರ ನೋಡಿಯೇನು? ಮ್ಯಾಲ ನಿಂತವರೇ ಬಗ್ಗಬೇಕಪ್ಪ.”

ಅಪ್ಪ ಅರ್ಧ ರೊಟ್ಟಿಗೇ ಕೈ ತೊಳೆದ. ಗರಡಿ ಹಿಡಿದು ಬಾವಿಗೆ ನಡೆದ. ನಾನು ಹಿಂದೆಯೇ ಓಡಿದೆ. ಕಟ್ಟೆಗೆ ಹೊಟ್ಟೆ ಒತ್ತಿ, ಬಗ್ಗಿ, ಬೆವರು ಇಳಿಸುತ್ತ ಎಷ್ಟೋ ಹೊತ್ತು ತಡಕಾಡಿದ. ಕೊನೆಗೆ ಕೊಡ ಬಂತು, ಒಂದು ಮಗ್ಗುಲು ನೆಗ್ಗಿತ್ತು. ಅದನ್ನು ತಂದು ಮಷೀನಿನ ಪಕ್ಕ ಇಟ್ಟು, ಅಂಗಿ ಬದಲಿಸಿ ಬಸ್ಸಿಗೆ ಹೋದ.

ಸುರಪುರದಲ್ಲಿ ಅವನು ಏನು ಹೇಳಿದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಮರುದಿನ ಅವ್ವ ಬಂದಳು. ನೆಗ್ಗಿದ ಕೊಡವನ್ನೊಮ್ಮೆ ನೋಡಿದಳು, ಸೊಂಟಕ್ಕೇರಿಸಿಕೊಂಡು ನೀರಿಗೆ ಹೊರಟಳು. ಮತ್ತೆಲ್ಲಿ ಬಸ್ಸು ಹತ್ತುತ್ತಾಳೋ ಎಂದು ನಾನು ಅವಳ ಸೆರಗು ಬಿಡದೆ ಬಾವಿಯ ತನಕ ಹೋದೆ.

ಅಪ್ಪ ತೀರಿಕೊಂಡಾಗ, ಗೋರಿಯ ಕಲ್ಲಿನ ಮೇಲೆ ಶಿಲುಬೆಯ ಕೆಳಗೆ ಲಂಗರು ಕೆತ್ತಿಸೋಣವೇ ಎಂದು ಅವ್ವನನ್ನು ಕೇಳಿದೆ.

“ಲಂಗರ ಬ್ಯಾಡ, ಗರಡಿ ಕೆತ್ಸು,” ಅಂದಳು. “ಬಗ್ಗಿ ಬಂದಿದ್ದ ಅಂವ.”

ಈಗ ಅವ್ವನೂ ಅವನ ಮಗ್ಗುಲಲ್ಲೇ ಮಲಗಿದ್ದಾಳೆ. ಬಾವಿಗೆ ಚಪ್ಪಡಿ ಮುಚ್ಚಿದ್ದಾರೆ, ಗರಡಿ ಯಾವ ಗುಜರಿಗೆ ಹೋಯಿತೋ. ಕಿಟಕಿಯಲ್ಲಿ ನೀಲಿ ಗಾಜು ಒಡೆದ ಕಡೆ ಬರೀ ಬಿಳಿ ಗಾಜು ಕೂರಿಸಿದ್ದಾರೆ. ಮಧ್ಯಾಹ್ನ ನೆಲಕ್ಕೆ ಬೀಳುವುದು ಬಿಸಿಲಷ್ಟೇ. ಸುರಪುರದ ಬಸ್ಸಿನ ಹಾರ್ನ್ ಕೇಳಿದರೆ ನನ್ನ ಕಾಲು ಮಾತ್ರ ಈಗಲೂ ನಿಂತಲ್ಲಿ ನಿಲ್ಲುವುದಿಲ್ಲ.

ಮೊನ್ನೆ ಗೋರಿಗೆ ಹೂವು ಇಡಲು ಹೋದಾಗ ಮಗಳು ಆ ಕಲ್ಲಿನ ಕೊಕ್ಕೆಗಳ ಮೇಲೆ ಬೆರಳಾಡಿಸಿದಳು. ಫೋನಿನಲ್ಲಿ ಹಡಗುಗಳನ್ನು ದಿನಾ ನೋಡುತ್ತಾಳೆ. ಬಾವಿ ನೋಡಿಲ್ಲ.

“ಇದು ಲಂಗರ ಹೌದಿಲ್ಲವ್ವ?” ಎಂದು ಕೇಳಿದಳು.