ಹೊರಟವರನ್ನು ಕರೆದ ಪುಟ

ಈ ಬರಹವನ್ನು ಅರ್ಧಕ್ಕೇ ಬಿಟ್ಟು ಪುಟ ಮುಚ್ಚಲು ಹೋದೆ ನೋಡಿ, ಕಂಪ್ಯೂಟರು ತಡೆಯಿತು: ‘ಬರೆದದ್ದನ್ನು ಉಳಿಸಿಲ್ಲ, ಹೊರಡುವುದೇ?’ ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಕುಳಿತೆ. ನಗಬೇಡಿ. ಹೊರಟವರನ್ನು ಹಿಂದಿನಿಂದ ಕರೆದರೆ ಹಾಗೆ ಮಾಡಬೇಕೆಂದು ಮುಳಬಾಗಿಲಿನ ಚಿಕ್ಕಮ್ಮ ಕಲಿಸಿದ್ದಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಆಕೆಯ ಮನೆಯಲ್ಲಿದ್ದುಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ನಾನು ವೆಬ್ ಪುಟ ಮಾಡುತ್ತಿದ್ದೆ. ಕಲಿತದ್ದು ಮೂರು ತಿಂಗಳು, ಜಂಬ ಮಾತ್ರ ಮೂರು ವರ್ಷದ್ದು. ಅಂಚೆಯ ಮೂಲಕ ಬಿ.ಎ. ಓದಿಸುವ ಸಂಸ್ಥೆಯೊಂದಕ್ಕೆ ನಾನು ಮಾಡಿದ ಅರ್ಜಿಯ ಪುಟವನ್ನು ಮೊದಲು ತುಂಬಲು ಸೆಂಟರಿಗೆ ಬಂದು ಕುಳಿತವಳು ಚಿಕ್ಕಮ್ಮನೇ. ಮದುವೆಗೆಂದು ಕಾಲೇಜು ಬಿಡಿಸಿದ ಸಿಟ್ಟು ಆಕೆಗೆ ಇಪ್ಪತ್ತು ವರ್ಷವಾದರೂ ಆರಿರಲಿಲ್ಲ. ‘ಏಕೆ ಓದಬೇಕೆಂದಿದ್ದೀರಿ?’ ಎಂಬ ಪ್ರಶ್ನೆಗೆ ಒಂದೇ ಬೆರಳಿನಲ್ಲಿ ಉದ್ದಕ್ಕೆ ಉತ್ತರ ಕುಟ್ಟಿದಳು. ತಪ್ಪು ಅಳಿಸಲು ಬ್ಯಾಕ್‌ಸ್ಪೇಸ್ ಕೀಲಿ ಒತ್ತಿದರೆ ಕಂಪ್ಯೂಟರು ಹಿಂದಿನ ಪುಟಕ್ಕೆ ಓಡಿಹೋಯಿತು, ಬರೆದದ್ದೆಲ್ಲ ಮಾಯ. ಮಾರನೆಯ ದಿನವೂ ಅದೇ ಕಥೆ.

‘ಪೋನೀಲೇ, ಹೋಗ್ಲಿ, ನನ್ನ ಹಣೇಲಿ ಬರ್ದಿಲ್ಲ ಬಿಡೇ,’ ಎಂದಳು.

ನನಗೆ ರೋಷ ಬಂತು. ತಪ್ಪು ನನ್ನ ಪುಟದ್ದು, ಆಕೆಯ ಹಣೆಯದ್ದಲ್ಲ. ಹೊರಟವರನ್ನು ತಡೆದು ಕೇಳುವ ಸಾಲೊಂದನ್ನು ಪುಟಕ್ಕೆ ಸೇರಿಸಿದೆ. ಮೂರನೆಯ ದಿನ ಚಿಕ್ಕಮ್ಮ ಅರ್ಧ ಬರೆದು, ಅಡುಗೆ ಮುಗಿಸಿ ಬರೋಣವೆಂದು ಪುಟ ಮುಚ್ಚಹೋದಳು. ‘ಹೊರಡುವುದೇ?’ ಎಂದಿತು ಪುಟ. ಆಕೆ ಮುಖ ಗಂಟಿಕ್ಕಿ ಎದ್ದು, ನೀರು ಕುಡಿದು, ಐದು ನಿಮಿಷ ಕುಳಿತಳು. ಶಾಸ್ತ್ರ ಮುಗಿಯಿತೆಂದು ‘ಓಕೆ’ ಒತ್ತಿ ಹೊರಟೇಬಿಟ್ಟಳು. ಸಂಜೆ ಬಂದು ನೋಡಿದರೆ ಒಂದಕ್ಷರವೂ ಇಲ್ಲ.

‘ಹೊರಟೋರನ್ನ ಹಿಂದಿಂದ ಕೂಗೋ ಬುದ್ಧೀನ ಇದಕ್ಕೆ ಯಾರೇ ಕಲಿಸಿದ್ದು?’ ಎಂದಳು.

ಕಲಿಸಿದವಳು ನಾನೇ. ಅರ್ಜಿ ಕಳಿಸಲು ಇನ್ನು ಎರಡೇ ದಿನವಿತ್ತು.

ಶನಿವಾರಗಳಂದು ನಾನು ನಮ್ಮೂರು ಮಾಲೂರಿಗೆ ಹೊರಟಾಗ ಚಿಕ್ಕಮ್ಮ ಎಂದೂ ಏನೂ ಕೇಳುತ್ತಿರಲಿಲ್ಲ. ಮನೆಗೆ ಹೋಗಿ ಚೀಲ ಬಿಚ್ಚಿದರೆ ತಳದಲ್ಲಿ ಯಲ್ದೂರಿನ ಎರಡು ಮಾವಿನಹಣ್ಣು ಇರುತ್ತಿದ್ದವು. ನನ್ನ ಪುಟವೂ ಹಾಗೇ ಮಾಡಬೇಕೆಂದು ಹಟ ಹಿಡಿದೆ. ಯಾರು ಹೊರಟರೂ ಆ ಗಳಿಗೆಯಲ್ಲೇ, ಕೇಳದೆ, ಬರೆದಷ್ಟನ್ನು ಎತ್ತಿಡುವಂತೆ ಮಾಡುವಷ್ಟರಲ್ಲಿ ಕೊನೆಯ ದಿನ ಬಂದಿತ್ತು.

ಅಂದೂ ಆಕೆ ಅರ್ಧ ಬರೆದು ಅಡುಗೆಗೆ ಹೋಗಿ ಬಂದಳು. ಅಕ್ಷರಗಳೆಲ್ಲ ಇದ್ದವು.

‘ಕೇಳ್ಲೇ ಇಲ್ಲ ಕಣೇ, ಆದ್ರೂ ಇಟ್ಕೊಂಡಿದೆ,’ ಎಂದು ಪರದೆಯನ್ನು ಸವರಿದಳು. ಅರ್ಜಿ ಹೋಯಿತು. ಬಿ.ಎ.ಗೆ ಐದು ವರ್ಷ ಹಿಡಿಯಿತು, ಮುಗಿಸಿದಳು.

ನನ್ನೆದುರಿನ ಪುಟ ಇನ್ನೂ ಕೇಳುತ್ತಲೇ ಇದೆ. ನೀರು ಕುಡಿದಾಯಿತು, ಶಾಸ್ತ್ರದ ಪ್ರಕಾರ ನಾನಿನ್ನು ಹೊರಡಬಹುದು. ಆದರೆ ಆಕೆ ನಾಲ್ಕು ಸಲ ಬರೆದಳು. ನಾನು ಒಂದು ಸಲವೂ ಮುಗಿಸಿಲ್ಲ. ‘ಇಲ್ಲ’ ಒತ್ತಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.