ಗಡಿಯಾರದಕ್ಕನ ಉಗಿಬಂಡಿ

ಗಡಿಯಾರ ರಿಪೇರಿ ಮಾಡುವ ಅವಳನ್ನು ಬೀದಿಯವರೆಲ್ಲ ಗಡಿಯಾರದಕ್ಕ ಎಂದೇ ಕರೆಯುತ್ತಾರೆ. ಆರನೆಯ ತರಗತಿಯಲ್ಲಿ ನನ್ನ ಎದುರು ಕುಳಿತು ಪಾಠ ಕೇಳಿದವಳಾದರೂ ಈಗ ನನ್ನ ಬಾಯಲ್ಲೂ ಅಕ್ಕ ಎಂದೇ ಬರುತ್ತದೆ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಆರಡಿ ಜಾಗವೇ ಅವಳ ಅಂಗಡಿ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ತಗಲುತ್ತದೆ. ಹೊಸಬರು ತಲೆ ತಾಗಿಸಿಕೊಂಡಾಗಲೆಲ್ಲ, "ಮೊದಲು ನಮಸ್ಕಾರ ಮಾಡಿ, ಆಮೇಲೆ ಒಳಗೆ ಬನ್ನಿ" ಎಂದು ನಗುತ್ತಾಳೆ.

ಆ ಅಂಗಡಿಯ ಮೇಜಿನ ಮೇಲೆ ಎಡಕ್ಕೆ ಗಡಿಯಾರಗಳು, ಬಲಕ್ಕೆ ಒಂದು ಪುಟ್ಟ ಉಗಿಬಂಡಿ. ಮೊಳದುದ್ದದ ಹಿತ್ತಾಳೆಯ ಇಂಜಿನ್ನು ಅದು. ಆಟಿಕೆಯೆಂದು ತಿಳಿಯಬೇಡಿ. ತಾಮ್ರದ ಬಾಯ್ಲರಿಗೆ ನೀರು ತುಂಬಿ, ಕೆಳಗೆ ಸ್ಪಿರಿಟ್ಟಿನ ಬತ್ತಿ ಹೊತ್ತಿಸಿದರೆ ಹತ್ತು ನಿಮಿಷದಲ್ಲಿ ಹಬೆ ಏರಿ, ದೊಡ್ಡ ಇಂಜಿನ್ನಿನ ಹಾಗೆಯೇ ಛಕ್ ಛಕ್ ಎಂದು ಹೊರಡುತ್ತದೆ. ಲೇತ್ ಕೆಲಸದವರಾಗಿದ್ದ ಅವಳ ತಂದೆ ನಾಲ್ಕು ವರ್ಷ ರಜೆಯ ದಿನಗಳಲ್ಲಿ ಕುಳಿತು ಅದನ್ನು ಮಾಡಿದ್ದರು. ಅವರು ತೀರಿಕೊಂಡ ಮೇಲೆ ಅದು ಮಗಳ ಕೈಗೆ ಬಂತು.

ಅದನ್ನು ನೋಡಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಬಾಯ್ಲರಿಗೆ ನಲ್ಲಿ ನೀರು ಹಾಕುವಂತಿಲ್ಲ, ಒಳಗೆ ಸುಣ್ಣ ಕಟ್ಟುತ್ತದೆ. ಭಟ್ಟಿ ಇಳಿಸಿದ ನೀರೇ ಆಗಬೇಕು. ಬೆಂಕಿ ಹಚ್ಚುವ ಮೊದಲು ಸೇಫ್ಟಿ ವಾಲ್ವನ್ನು ಬೆರಳಿನಿಂದ ಎತ್ತಿ ನೋಡಬೇಕು. ಸ್ಕ್ರೂಗಳಿಗೆ ಗಡಿಯಾರದ ತಿರುಪುಳಿ, ನಟ್ಟುಗಳಿಗೆ ಅವಳೇ ಅರ ಹಾಕಿ ಉಜ್ಜಿಕೊಂಡ ಬೆರಳುದ್ದದ ಸ್ಪ್ಯಾನರು. "ಇಕ್ಕಳ ಹಿಡ್ಕೊಂಡು ನಟ್ಟು ತಿರುಗಿಸೋರನ್ನ ಕಂಡ್ರೆ ನಂಗೆ ಹಲ್ಲು ಜುಮ್ಮನ್ನುತ್ತೆ, ಮೇಷ್ಟ್ರೇ" ಎನ್ನುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಪಾಠ ಎಣ್ಣೆಯ ಡಬ್ಬಿಯದು. ಇಂಜಿನ್ನಿನ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಡಬ್ಬಿಯೊಂದಿದೆ. ಅದರಲ್ಲಿ ಜೇನಿನಂಥ ದಪ್ಪ ಎಣ್ಣೆ. ಓಡುವಾಗ ಹಬೆ ಆ ಡಬ್ಬಿಗೆ ನುಗ್ಗಿ, ತಣ್ಣಗಾಗಿ ನೀರಾಗಿ ತಳದಲ್ಲಿ ಕೂಡುತ್ತದೆ. ನೀರು ಏರಿದಷ್ಟೂ ಎಣ್ಣೆ ಮೇಲಿನಿಂದ ಉಕ್ಕಿ ಸಿಲಿಂಡರಿಗೆ ಹೋಗುತ್ತದೆ. ಹಾಗಾಗಿ ಪ್ರತಿ ಸಲವೂ ತಳದ ನೀರನ್ನು ಸಿರಿಂಜಿನಿಂದ ಎಳೆದು ತೆಗೆದ ಮೇಲೆಯೇ ಹೊಸ ಎಣ್ಣೆ ಹಾಕಬೇಕು. ಭಾನುವಾರದ ಹೊತ್ತು ಹಳೆಯ ಗೋದಾಮಿನಲ್ಲಿ, ಸೊಂಟದೆತ್ತರದ ಮೇಜುಗಳ ಮೇಲೆ ಹಳಿ ಜೋಡಿಸಿ ಬಂಡಿ ಓಡಿಸುವ ಏಳೆಂಟು ಜನರಿದ್ದಾರೆ. ಅವರಲ್ಲಿ ಯಾರು ಎಣ್ಣೆ ಸೀಸೆ ಮುಟ್ಟಿದರೂ ಅವಳ ಪ್ರಶ್ನೆ ಒಂದೇ: "ನೀರು ತೆಗೆದ್ರಾ?"

ಅವಳ ಅಣ್ಣ ಫೋಟೋಗಳಿಗೆ ಚೌಕಟ್ಟು ಹಾಕುವವನು. ಅವನೂ ನನ್ನ ವಿದ್ಯಾರ್ಥಿಯೇ. ಅವನಿಗೆ ತಂದೆಯ ಇಂಜಿನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನಡುಮನೆಯಲ್ಲಿ ನಿಲ್ಲಿಸಬೇಕೆಂಬ ಆಸೆ. ಒಂದು ದಿನ ಅಂಗಡಿಗೆ ಬಂದು ಹೇಳಿಯೇಬಿಟ್ಟ.

"ಅಪ್ಪನ ಕೈಕೆಲಸ ಕಣೇ ಅದು. ವಾರ ವಾರ ಬೆಂಕಿ ಹಚ್ಚಿ ಸುಡ್ತೀಯಲ್ಲ, ಕರುಳು ಚುರ್ ಅನ್ನಲ್ವಾ?"

"ಅಪ್ಪ ಮಾಡಿದ್ದು ಇಂಜಿನ್ನು, ಬೊಂಬೆ ಅಲ್ಲ. ಓಡದೆ ಕೂತ್ರೆ ಅದಕ್ಕೂ ಮಂಡಿ ಹಿಡಿಯುತ್ತೆ, ನಿನ್ನ ಹಾಗೆ."

"ನಲವತ್ತು ವರ್ಷದ ಮುದುಕಿ ಅದು. ಯಾವತ್ತೋ ಒಂದಿನ ದಾರಿಯಲ್ಲೇ ಕೈ ಕೊಡುತ್ತೆ, ನೋಡ್ತಿರು."

ಅಕ್ಕನಿಗೆ ರೇಗಿತು. "ಬರೋ ಭಾನುವಾರ ಗೋದಾಮಿಗೆ ಬಾ. ಆರು ಬೋಗಿ ಕಟ್ಟಿ, ನಿಲ್ಲದ ಹಾಗೆ ಹನ್ನೆರಡು ಸುತ್ತು ಓಡಿಸ್ತೀನಿ. ನಡುವೆ ನಿಂತ್ರೆ ನಿನ್ನ ಪೆಟ್ಟಿಗೆಗೆ ತಗೊಂಡು ಹೋಗು. ನಿಲ್ಲದಿದ್ರೆ ಈ ಮಾತು ಮತ್ತೆ ಎತ್ತಬಾರದು. ಮೇಷ್ಟ್ರು ಸುತ್ತು ಎಣಿಸ್ಲಿ."

ಆ ಭಾನುವಾರ ಅವಳು ಮೊದಲೊಂದು ಸಲ ಬರಿಯ ಇಂಜಿನ್ನನ್ನು ಓಡಿಸಿ ನೋಡಿದಳು. ಹೂವೆತ್ತಿದಂತೆ ಓಡಿತು. ಆಮೇಲೆ ಬಾಯ್ಲರಿಗೆ ನೀರು ತುಂಬಿದಳು, ಸ್ಪಿರಿಟ್ ಹಾಕಿದಳು, ಎಣ್ಣೆಯ ಡಬ್ಬಿಯ ಮುಚ್ಚಳ ಬಿಚ್ಚಿದಳು. ಅಷ್ಟರಲ್ಲಿ ಅಣ್ಣ ಜೇಬಿನಿಂದ ಟೇಪು ತೆಗೆದು ಇಂಜಿನ್ನಿನ ಉದ್ದ ಅಳೆಯತೊಡಗಿದ.

"ಗಾಜು ಕೊಯ್ಯೋಕೆ ಅಳತೆ ಬೇಕಲ್ಲ" ಎಂದ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡ. ದೂರ ನಿಂತ್ಕೋ, ಕೈ ಸುಡುತ್ತೆ!" ಎಂದು ಗದರಿ, ಡಬ್ಬಿಗೆ ಎಣ್ಣೆ ಬಿಟ್ಟು, ಇಣುಕಿ ನೋಡಿ, ಮುಚ್ಚಳ ತಿರುವಿದಳು.

ಬಂಡಿ ಹೊರಟಿತು. ಆರು ಬೋಗಿಗಳು ತಿರುವಿನಲ್ಲಿ ಒಂದರ ಹಿಂದೊಂದು ಬಾಗಿ ಬಂದವು. ನಾನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಗೀಟು ಎಳೆಯುತ್ತ ಹೋದೆ. ಐದಾಯಿತು, ಏಳಾಯಿತು. ಅಣ್ಣನ ಮುಖ ಸಣ್ಣಗಾಯಿತು. ಒಂಬತ್ತನೆಯ ಗೀಟು ಎಳೆದಾಗ ಅಕ್ಕ ತಲೆಯನ್ನು ಒಂದು ಕಡೆಗೆ ವಾಲಿಸಿದಳು. ನನಗೆ ಏನೂ ಕೇಳಿಸಲಿಲ್ಲ.

"ಸಿಲಿಂಡರು ಒಣಗಿದೆ" ಎಂದಳು.

ಹಳಿ ಜೋಡಿಸಿಕೊಡುವ ಬಡಗಿ ಪಕ್ಕದಲ್ಲೇ ಇದ್ದ. "ಏನಕ್ಕಾ, ಮೂರೇ ಮೂರು ಸುತ್ತು. ಎಳ್ಕೊಂಡು ಹೋಗುತ್ತೆ ಬಿಡು."

"ಹೋಗುತ್ತೆ. ಹೋಗ್ತಾ ಸಿಲಿಂಡರನ್ನೂ ಕೆರ್ಕೊಂಡು ಹೋಗುತ್ತೆ" ಎಂದವಳೇ ಕೈ ಚಾಚಿ ಹಬೆಯ ಹಿಡಿಯನ್ನು ಮುಚ್ಚಿಬಿಟ್ಟಳು. ಬಂಡಿ ನಿಂತಿತು.

ಅದು ತಣ್ಣಗಾದ ಮೇಲೆ ಅವಳು ಡಬ್ಬಿಗೆ ಸಿರಿಂಜು ಇಳಿಸಿ ಎಳೆದು ಬೆಳಕಿಗೆ ಹಿಡಿದಳು. ಬರೀ ನೀರು! ಮೊದಲ ಓಟದ ನೀರನ್ನು ಅವಳು ತೆಗೆದೇ ಇರಲಿಲ್ಲ. ಅದರ ಮೇಲೆ ನಾಲ್ಕು ತೊಟ್ಟು ಎಣ್ಣೆ ತೇಲಿ, ಇಣುಕಿದಾಗ ಡಬ್ಬಿ ತುಂಬ ಎಣ್ಣೆಯಂತೆಯೇ ಕಂಡಿತ್ತು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಿಗೆ ಬಿತ್ತು" ಎಂದು ತಾನೇ ನಕ್ಕಳು. "ಅಣ್ಣಾ, ತಪ್ಪು ನಂದು, ಇಂಜಿನ್ನಿಂದಲ್ಲ. ಆದ್ರೂ ಮಾತು ಮಾತೇ. ತಗೋ."

"ನಿಲ್ಲಿಸ್ದೆ ಇದ್ದಿದ್ರೆ ಗೆಲ್ತಿದ್ದೆಯಲ್ಲೇ!"

"ಗೆದ್ದು ಸವೆದ ಪಿಸ್ಟನ್ ಇಟ್ಕೊಂಡು ಏನು ಮಾಡ್ಲಿ? ಒಂದು ಮಾತು ಮಾತ್ರ. ಪೆಟ್ಟಿಗೆಗೆ ಬಾಗಿಲು ಇಡು. ತಿಂಗಳಿಗೊಂದು ಸಲ ಹೊರಗೆ ತೆಗೆದು ಚಕ್ರ ತಿರುಗಿಸ್ಬೇಕು, ಇಲ್ದಿದ್ರೆ ಎಣ್ಣೆ ಗೋಂದಾಗುತ್ತೆ."

ಅವನು ತೇಗದ ಚೌಕಟ್ಟಿನ ಪೆಟ್ಟಿಗೆ ಮಾಡಿದ, ಬಾಗಿಲೂ ಇಟ್ಟ. ಮೊದಲ ತಿಂಗಳು ಚಕ್ರ ತಿರುಗಿಸಿದ. ಎರಡನೆಯ ತಿಂಗಳು ಅಂಗಡಿಗೆ ಬಂದು, ಬಿಗಿಯಾಗಿದೆ ಎಂದು ಎಣ್ಣೆ ಕೇಳಿ ತೆಗೆದುಕೊಂಡು ಹೋದ. ಮೂರನೆಯ ತಿಂಗಳು ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ನಿಂತು, "ಒಂದೇ ಒಂದು ಸಲ ಹೊತ್ತಿಸಿ ನೋಡ್ಲೇನೇ?" ಎಂದು ಕೇಳಿದ.

"ನಿನ್ನ ಇಂಜಿನ್ನು. ನನ್ನನ್ನೇನು ಕೇಳ್ತೀಯಾ?" ಎಂದಳು, ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆ.

ಭಾನುವಾರ ಅವನು ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಗೋದಾಮಿಗೆ ಬಂದ. ನೀರು ತೆಗೆದ, ಎಣ್ಣೆ ಹಾಕಿದ, ಎರಡು ಬೆರಳು ಸುಟ್ಟುಕೊಂಡ. ಅಕ್ಕ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಿದ್ದಳು; ಬೆರಳನ್ನೂ ಸೋಕಿಸಲಿಲ್ಲ. ಆರು ಬೋಗಿ ಎಳೆದುಕೊಂಡು ಬಂಡಿ ಹದಿನಾಲ್ಕು ಸುತ್ತು ಓಡಿತು.

"ಹೇಗಿತ್ತು?" ಎಂದು ಅಣ್ಣ ಕೇಳಿದ. ಅವನ ಮುಖ ನೋಡಬೇಕಿತ್ತು. ಐವತ್ತೆಂಟರ ಆ ಗಂಡಸು ಅಂದು ನನಗೆ ಮತ್ತೆ ಆರನೆಯ ತರಗತಿಯವನಾಗಿ ಕಂಡ.

"ಓಟ ಚೆನ್ನಾಗಿದೆ. ಎಡಗಡೆ ಸಿಲಿಂಡರಿನ ಹತ್ತಿರ ಹಬೆ ಸೋರ್ತಿದೆ. ಬಿಡುವಾದಾಗ ಅಂಗಡಿಗೆ ತಗೊಂಡು ಬಾ, ಸರಿ ಮಾಡಿಕೊಡ್ತೀನಿ."

ಅಣ್ಣ ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿ ಅವಳ ಮಡಿಲಿಗಿಟ್ಟ. "ಬಿಡುವು ಯಾಕೆ? ಈಗಲೇ ತಗೊಂಡು ಹೋಗು. ಅವಸರ ಏನಿಲ್ಲ, ನಿಧಾನವಾಗಿ ಮಾಡು."

ಇದಾಗಿ ಎಂಟು ತಿಂಗಳಾಯಿತು. ಭಾನುವಾರಗಳಂದು ಅಣ್ಣ ತಂಗಿ ಸರದಿಯಂತೆ ಅದನ್ನು ಓಡಿಸುತ್ತಾರೆ. ಉಳಿದ ದಿನ ಅದು ಮೆಟ್ಟಿಲ ಕೆಳಗಿನ ಮೇಜಿನ ಮೇಲೆ ಇರುತ್ತದೆ. ಮೊನ್ನೆ ನನ್ನ ಗಡಿಯಾರಕ್ಕೆ ಸೆಲ್ ಹಾಕಿಸಲು ಹೋದಾಗ, ಎಡಗಡೆಯ ಸೋರಿಕೆ ಏನಾಯಿತೆಂದು ಕೇಳಿದೆ.

"ಇನ್ನೂ ನೋಡ್ತಾ ಇದೀನಿ, ಮೇಷ್ಟ್ರೇ" ಎಂದಳು.